ಬನ್ಸ್ ಬಿಸಿ ಇರುವ ಹೊತ್ತು: ಶಿವಮೊಗ್ಗದ ಸುತ್ತ ಒಳ್ಳೆ ತಿಂಡಿ, ಮನೆಯೂಟ ಹುಡುಕುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಬಂದ ಗೆಳೆಯನಿಗೆ ದುರ್ಗಿಗುಡಿ ಕಡೆಯ ಒಂದು ಸಣ್ಣ ಹೋಟೆಲಿನ ಗುರುತು ಹೇಳಿದ್ದೆ. ‘ಅಲ್ಲಿ ಬನ್ಸ್ ತಿನ್ನು, ಆಮೇಲೆ ಮಾತಾಡು’ ಅಂತ ಕೊಚ್ಚಿಕೊಂಡಿದ್ದೆ ಬೇರೆ. ಹತ್ತೂವರೆಗೆ ಫೋನ್ ಬಂತು. ‘ಏನ್ ಮಾರಾಯ ಇದು, ಎಳೆದ್ರೆ ರಬ್ಬರ್ ಬಂದ ಹಾಗೆ ಬರ್ತದೆ!’

ತಪ್ಪು ಹೋಟೆಲಿನವರದಲ್ಲ, ನನ್ನದು. ವಿಳಾಸ ಕೊಟ್ಟೆ, ಹೊತ್ತು ಕೊಡಲಿಲ್ಲ. ಅಲ್ಲಿ ಬನ್ಸ್ ಬಾಣಲೆಯಿಂದ ಏಳುವುದು ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ. ಆಮೇಲೆ ಒಲೆ ದೋಸೆ ಕಾವಲಿಯ ಪಾಲು. ಹತ್ತು ಗಂಟೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಉಳಿದಿರುವುದು ಬೆಳಗಿನ ಗಿರಾಕಿಗಳು ಬಿಟ್ಟು ಹೋದ ನಾಲ್ಕು ಬನ್ಸ್, ಅಷ್ಟೆ.

ಅವತ್ತಿನಿಂದ ನನ್ನ ಡೈರಿಯಲ್ಲಿ ಹೋಟೆಲ್ ಹೆಸರಿಗಿಂತ ಮೊದಲು ಗಂಟೆ ಬರೆಯುತ್ತೇನೆ. ಮಲೆನಾಡಿನಲ್ಲಿ ಒಳ್ಳೆಯ ತಿಂಡಿ ಸಿಗುವುದು ಜಾಗದಲ್ಲಿ ಅಷ್ಟೇ ಅಲ್ಲ, ಹೊತ್ತಿನಲ್ಲಿ. ಎಲ್ಲಿ ಅನ್ನುವುದರ ಜೊತೆ ಎಷ್ಟು ಹೊತ್ತಿಗೆ, ಯಾವ ತಿಂಗಳು, ಯಾರ ಕೈಯಲ್ಲಿ ಅನ್ನುವುದೂ ಗೊತ್ತಾದರೆ ಕೆಲಸ ಮುಗಿದ ಹಾಗೆ. ಹೇಗೆ ಹುಡುಕುವುದು ಅಂತ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಹೆಜ್ಜೆ 1: ಹೋಟೆಲ್ ಬಿಡಿ, ಮೊದಲು ತಿಂಡಿ ಗೊತ್ತು ಮಾಡಿಕೊಳ್ಳಿ

‘ಒಳ್ಳೆ ಹೋಟೆಲ್’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಒಂದೇ ಜಾಗದಲ್ಲಿ ಎಲ್ಲವೂ ಚೆನ್ನಾಗಿರುವುದು ಕಡಿಮೆ. ಬನ್ಸ್ ಚೆನ್ನಾಗಿರುವ ಕಡೆ ಇಡ್ಲಿ ಕಲ್ಲು. ಇಡ್ಲಿ ಹೂವಿನಂತಿರುವ ಕಡೆ ಕಾಫಿ ನೀರು. ಹಾಗಾಗಿ ನಿಮಗೆ ಏನು ಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಆ ಗೆಳೆಯ ಮೊದಲು ಕೇಳಿದ್ದು ಡೋನಟ್. ನಮ್ಮ ಬೇಕರಿಗಳಲ್ಲಿ ಸಕ್ಕರೆ ಉದುರಿಸಿದ ಬಳೆಯಂಥ ಡೋನಟ್ ಅಲ್ಲೊಂದು ಇಲ್ಲೊಂದು ಸಿಗುತ್ತದೆ, ಇಲ್ಲ ಅಂತಲ್ಲ. ಆದರೆ ಆ ಆಸೆಯನ್ನು ಇಲ್ಲಿ ತೀರಿಸುವುದು ಬನ್ಸ್ ಮತ್ತು ಉದ್ದಿನ ವಡೆ. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿದರೆ ಡೋನಟ್. ಕಳಿತ ಬಾಳೆಹಣ್ಣು, ಮೊಸರು, ಸಕ್ಕರೆ, ಜೀರಿಗೆ, ಚಿಟಿಕೆ ಸೋಡಾ ಹಾಕಿ ರಾತ್ರಿಯಿಡೀ ಮುಚ್ಚಿಟ್ಟ ಮೈದಾ ಹಿಟ್ಟನ್ನು ಬೆಳಗ್ಗೆ ಕರಿದರೆ ಬನ್ಸ್. ಇನ್ನು ತೂತು. ಡೋನಟ್‌ಗೆ ತೂತು ಯಾಕೋ ಉದ್ದಿನ ವಡೆಗೂ ಅದಕ್ಕೇ. ಹೊರಗೆ ಕೆಂಪಾಗುವಷ್ಟರಲ್ಲಿ ನಡುಭಾಗವೂ ಬೇಯಬೇಕಲ್ಲ! ಬನ್ಸ್‌ಗೆ ತೂತು ಬೇಡ, ಅದು ಪೂರಿಯ ಹಾಗೆ ಒಳಗೆ ಟೊಳ್ಳಾಗಿ ಉಬ್ಬಿಕೊಳ್ಳುತ್ತದೆ.

ಬನ್ಸ್ ಹುಟ್ಟಿದ್ದು ಮಂಗಳೂರು, ಉಡುಪಿ ಕಡೆ. ಆಗುಂಬೆ ಘಾಟಿ ಹತ್ತಿ ನಮ್ಮಲ್ಲಿಗೆ ಬಂದ ಎಷ್ಟೋ ರುಚಿಗಳಲ್ಲಿ ಇದೂ ಒಂದು. ಗೋಳಿಬಜೆ, ನೀರುದೋಸೆ, ಮೀನು ಸಾರು ಎಲ್ಲಕ್ಕೂ ಅದೇ ದಾರಿ.

ಊಟದ್ದು ಬೇರೆ ಲೆಕ್ಕ. ಮಲೆನಾಡಿನ ಮನೆಯೂಟ ಅಂತ ಒಂದೇ ಊಟ ಇಲ್ಲ. ಹವ್ಯಕರ ಮನೆಯಲ್ಲಿ ತಂಬುಳಿ, ಅಪ್ಪೆಹುಳಿ, ಸಾಸ್ವೆ. ಗೌಡರ ಮನೆಯಲ್ಲಿ ಕಡುಬು, ಕೋಳಿ ಸಾರು. ಅಕ್ಕಿ ರೊಟ್ಟಿ ಎರಡೂ ಕಡೆ ಇದೆ. ಆದರೆ ಇಲ್ಲಿನ ರೊಟ್ಟಿ ಬೆಂಗಳೂರಿನಲ್ಲಿ ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ಕಾವಲಿಗೆ ತಟ್ಟುವ ರೊಟ್ಟಿಯಲ್ಲ. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ ಉಕ್ಕರಿಸಿ, ನಾದಿ, ತೆಳ್ಳಗೆ ಲಟ್ಟಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಿದ್ದು. ಬೋರ್ಡಿನಲ್ಲಿ ‘ಮಲ್ನಾಡ್ ರೊಟ್ಟಿ’ ಅಂತ ಬರೆದು ಈರುಳ್ಳಿ ರೊಟ್ಟಿ ತಂದಿಟ್ಟರೆ ಆ ಅಡುಗೆಮನೆ ಮಲೆನಾಡಿನದ್ದಲ್ಲ. ತಿನ್ನಿ, ರುಚಿಯಾಗಿಯೂ ಇರಬಹುದು. ಡೈರಿಯಲ್ಲಿ ಮಾತ್ರ ಬೇರೆ ಪುಟದಲ್ಲಿ ಬರೆದುಕೊಳ್ಳಿ.

ಹೆಜ್ಜೆ 2: ಊರಿನ ಗಡಿಯಾರ ಕಲಿಯಿರಿ

ಶಿವಮೊಗ್ಗದಲ್ಲಿ ಮೊದಲು ಒಲೆ ಹೊತ್ತುವುದು ಬಸ್ ನಿಲ್ದಾಣ, ಮೆಗ್ಗಾನ್ ಆಸ್ಪತ್ರೆ, ಎಪಿಎಂಸಿ ಯಾರ್ಡ್ ಸುತ್ತ. ಬೆಳಗಿನ ಮೊದಲ ಬಸ್ಸಿನ ಸಿಬ್ಬಂದಿ, ರಾತ್ರಿಯೆಲ್ಲ ರೋಗಿಯ ಪಕ್ಕ ಕೂತವರು, ಅಡಿಕೆ ಮೂಟೆ ಇಳಿಸುವ ಹಮಾಲರು, ಇವರಿಗೆಲ್ಲ ಹೊಟ್ಟೆ ತುಂಬ ಬೇಕು, ಬೇಗ ಬೇಕು, ಕಡಿಮೆ ದುಡ್ಡಿಗೆ ಬೇಕು. ಹಾಗಾಗಿ ಅಲ್ಲಿ ಆರು ಗಂಟೆಗೇ ಇಡ್ಲಿ, ಚಿತ್ರಾನ್ನ, ಪಲಾವ್ ಸಿದ್ಧ. ಸೊಗಸು ಏನೂ ಇಲ್ಲ. ಆದರೆ ಪಾತ್ರೆ ಬೇಗ ಖಾಲಿಯಾಗುತ್ತದೆ, ಹಾಗಾಗಿ ಯಾವುದೂ ಹಳಸುವುದಿಲ್ಲ.

ಏಳರಿಂದ ಒಂಬತ್ತು ಬನ್ಸ್, ವಡೆ, ಕಡುಬಿನ ಹೊತ್ತು. ಗಾಂಧಿಬಜಾರ್, ದುರ್ಗಿಗುಡಿ, ನೆಹರು ರಸ್ತೆಯ ಅಂಗಡಿಯವರು ಶಟರ್ ಎತ್ತುವ ಮೊದಲು ತಿಂಡಿ ಮುಗಿಸುತ್ತಾರೆ. ಒಂಬತ್ತೂವರೆಯ ಮೇಲೆ ದೋಸೆ ಮಾತ್ರ ನಂಬಿ, ಯಾಕೆಂದರೆ ಅದನ್ನು ಕೇಳಿದ ಮೇಲೆಯೇ ಹುಯ್ಯುತ್ತಾರೆ. ಕರಿದದ್ದು ಏನಿದ್ದರೂ ಬೆಳಗಿನ ಉಳಿಕೆ.

ಊಟಕ್ಕೆ ಹನ್ನೆರಡೂಮುಕ್ಕಾಲಿಗೆ ಹೋಗಿ. ಇದು ನನ್ನ ಹಟ. ಹನ್ನೆರಡಕ್ಕೆ ಹೋದರೆ ಪಲ್ಯ ಇನ್ನೂ ಒಲೆಯ ಮೇಲೆ. ಎರಡಕ್ಕೆ ಹೋದರೆ ಸಾರಿಗೆ ಒಂದು ಚೆಂಬು ನೀರು ಸೇರಿರುತ್ತದೆ. ಮೆಸ್‌ಗಳಲ್ಲಂತೂ ಎರಡೂವರೆಯ ಅನ್ನ ಬೇರೆ, ಒಂದು ಗಂಟೆಯ ಅನ್ನ ಬೇರೆ.

ನಾಲ್ಕು ಗಂಟೆಗೆ ಬೇಕರಿ. ಮಧ್ಯಾಹ್ನ ಒಲೆಗೆ ಹೋದ ಪಫ್ಸ್, ಖಾರಾ ಬನ್, ದಿಲ್‌ಪಸಂದ್ ಹೊರಗೆ ಬರುವ ಹೊತ್ತು ಅದು. ಡೋನಟ್ ಬೇಕಿದ್ದರೆ ಬೇಕರಿಯವರನ್ನು ‘ಇವತ್ತಿಂದಾ, ನಿನ್ನೇದಾ?’ ಅಂತ ಕೇಳಿಯೇ ಬಿಡಿ. ಯೀಸ್ಟ್ ಹಿಟ್ಟಿನ ಕರಿದ ತಿಂಡಿ ಒಂದು ದಿನ ದಾಟಿದರೆ ಬಿರುಸಾಗುತ್ತದೆ, ಎಷ್ಟೇ ಸಕ್ಕರೆ ಮೆತ್ತಿದರೂ ಅಷ್ಟೆ.

ಸಂಜೆ ಐದರಿಂದ ಎಂಟು ತಳ್ಳುಗಾಡಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಗೋಬಿ. ಇದಕ್ಕೆ ಗೈಡ್ ಬೇಕಿಲ್ಲ, ಮೂಗು ಸಾಕು.

ಭಾನುವಾರ ಒಂದು ಎಚ್ಚರಿಕೆ. ಆಫೀಸು, ಕೋರ್ಟು, ಕಾಲೇಜು ನಂಬಿಕೊಂಡ ಹೋಟೆಲ್‌ಗಳು ಭಾನುವಾರ ಬಾಗಿಲು ಹಾಕುವುದು ಜಾಸ್ತಿ. ದೀಪಾವಳಿ, ಯುಗಾದಿಗೆ ಸಪ್ಲೈಯರ್‌ಗಳು ಊರಿಗೆ ಹೋದರೆ ತೆರೆದಿದ್ದೂ ಅರ್ಧ ತೆರೆದ ಹಾಗೆ.

ಹೆಜ್ಜೆ 3: ಸರಿಯಾದ ಪ್ರಶ್ನೆ ಕೇಳಿ

ಇದರಲ್ಲಿ ಎಲ್ಲರೂ ಎಡವುತ್ತಾರೆ. ಆಟೋದವರ ಹತ್ತಿರ ಹೋಗಿ ಕೇಳಿ ನೋಡಿ:

‘ಅಣ್ಣ, ಇಲ್ಲಿ ಒಳ್ಳೆ ಹೋಟೆಲ್ ಯಾವ್ದು?’

‘ಫ್ಯಾಮಿಲಿ ಇದ್ದಾರಾ ಸಾರ್?’

ಮುಗಿಯಿತು. ಎ.ಸಿ. ಹಾಕಿದ, ಮೆತ್ತನೆ ಕುರ್ಚಿಯ, ಪನೀರ್ ಬಟರ್ ಮಸಾಲ ಮಾಡುವ ಜಾಗಕ್ಕೆ ಕಳಿಸುತ್ತಾರೆ. ಅವರು ಮೋಸ ಮಾಡುತ್ತಿಲ್ಲ. ಹೊರಗಿನವರು ಬಂದಿದ್ದಾರೆ, ಚೆನ್ನಾಗಿರುವ ಕಡೆ ಕಳಿಸೋಣ ಅನ್ನುವ ಮರ್ಯಾದೆ ಅದು. ತಾವು ದಿನಾ ತಿನ್ನುವ ತಗಡಿನ ಮಾಡಿನ ಹೋಟೆಲ್ ತೋರಿಸಲು ಅವರಿಗೆ ನಾಚಿಕೆ.

ಪ್ರಶ್ನೆ ಬದಲಿಸಿ. ‘ಅಣ್ಣ, ನೀವು ಇವತ್ತು ಎಲ್ಲಿ ತಿಂಡಿ ತಿಂದ್ರಿ?’ ಈಗ ಮುಖ ಅರಳುತ್ತದೆ. ‘ನಮ್ದು ಬಿಡಿ ಸಾರ್, ಅಲ್ಲೊಂದು ಅಮ್ಮ ಮಾಡ್ತಾರೆ, ನಿಂತ್ಕೊಂಡು ತಿನ್ಬೇಕು...’ ಆ ‘ಬಿಡಿ ಸಾರ್’ ಕೇಳಿಸಿದರೆ ಬಿಡಬೇಡಿ. ಅಲ್ಲಿಗೇ ಹೋಗಿ.

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಬಟ್ಟೆ ಅಂಗಡಿ ಮಾಲೀಕರನ್ನು ಕೇಳಬೇಡಿ, ಅವರಿಗೆ ಮನೆಯಿಂದ ಕ್ಯಾರಿಯರ್ ಬರುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗರನ್ನು ಕೇಳಿ. ಕೋರ್ಟಿನ ಹತ್ತಿರ ಟೈಪಿಸ್ಟರನ್ನು ಕೇಳಿ. ಬ್ಯಾಂಕಿಗೆ ವರ್ಗವಾಗಿ ಬಂದು ಒಂಟಿಯಾಗಿ ರೂಮ್ ಮಾಡಿಕೊಂಡವರಿಗೆ ಊರಿನ ಅಷ್ಟೂ ಮೆಸ್ ಗೊತ್ತಿರುತ್ತವೆ. ನವುಲೆ ಕಡೆ ಹೋದರೆ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಯಾವ ಮೆಸ್ಸಿನಲ್ಲಿ ಯಾವ ವಾರ ಏನು ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅವರ ಮಾತನ್ನು ಸ್ವಲ್ಪ ಸೋಸಿ ತೆಗೆದುಕೊಳ್ಳಿ, ಆ ವಯಸ್ಸಿಗೆ ರುಚಿಗಿಂತ ಎಷ್ಟು ಬಡಿಸುತ್ತಾರೆ ಅನ್ನುವುದೇ ದೊಡ್ಡದು.

ಬಸ್ ಡ್ರೈವರ್‌ಗಳ ವಿಷಯದಲ್ಲಿ ಒಂದು ಭೇದ ತಿಳಿದಿರಲಿ. ದೂರದ ರಾತ್ರಿ ಬಸ್ಸು ಊಟಕ್ಕೆ ನಿಲ್ಲುವ ಹೋಟೆಲ್ ಬೇರೆ, ತೀರ್ಥಹಳ್ಳಿಗೋ ಹೊಸನಗರಕ್ಕೋ ದಿನಾ ಓಡಾಡುವ ಲೋಕಲ್ ಬಸ್ಸಿನ ಡ್ರೈವರ್, ಕಂಡಕ್ಟರ್ ತಮ್ಮ ಜೇಬಿನ ದುಡ್ಡಲ್ಲಿ ಉಣ್ಣುವ ಹೋಟೆಲ್ ಬೇರೆ. ಎರಡನೆಯದರ ಹಿಂದೆ ಹೋಗಿ.

ಹೆಜ್ಜೆ 4: ಮ್ಯಾಪ್ ನೋಡಿ, ಆದರೆ ತಲೆಕೆಳಗಾಗಿ ಓದಿ

ಗೂಗಲ್ ಮ್ಯಾಪ್‌ನಲ್ಲಿ ಹುಡುಕುವಾಗ ಕನ್ನಡದಲ್ಲೂ ಟೈಪ್ ಮಾಡಿ. ‘ಮೆಸ್’, ‘ಖಾನಾವಳಿ’, ‘ಊಟದ ಮನೆ’, ‘ಮಿಲ್ಟ್ರಿ ಹೋಟೆಲ್’ ಅಂತ ಹಾಕಿದರೆ ಬೇರೆಯೇ ಪಟ್ಟಿ ಬರುತ್ತದೆ.

ಐದು ಸ್ಟಾರ್ ಕೊಟ್ಟವರ ಮಾತು ಓದಬೇಡಿ. ಎರಡು ಸ್ಟಾರ್ ಕೊಟ್ಟವರು ಯಾಕೆ ಬೈದಿದ್ದಾರೆ ಅಂತ ನೋಡಿ. ‘ಜಾಗ ಇಕ್ಕಟ್ಟು’, ‘ಒಂಬತ್ತಕ್ಕೆಲ್ಲ ಖಾಲಿ ಅಂದ್ರು’, ‘ಮೆನು ಕಾರ್ಡೇ ಇಲ್ಲ’, ‘ಅಜ್ಜ ಬೈತಾರೆ’ ಅಂತಿದ್ದರೆ ಅದು ಹೊಗಳಿಕೆ. ‘ಸಾಂಬಾರ್ ಹುಳಿಯಾಗಿತ್ತು’, ‘ಹೊಟ್ಟೆ ಕೆಟ್ಟಿತು’ ಅಂತ ಇಬ್ಬರು ಬರೆದಿದ್ದರೆ ಮುಂದೆ ಹೋಗಿ. ಹೊಸ ಅಭಿಪ್ರಾಯ ಮೊದಲು ಬರುವ ಹಾಗೆ ಜೋಡಿಸಿಕೊಳ್ಳಿ. ಮೂರು ವರ್ಷದ ಹಿಂದಿನ ಹೊಗಳಿಕೆಗೆ ಬೆಲೆ ಇಲ್ಲ, ಭಟ್ರು ಬದಲಾದರೆ ಹೋಟೆಲ್ಲೇ ಬದಲಾದ ಹಾಗೆ. ಹೆಸರು ಅದೇ, ಬೋರ್ಡು ಅದೇ, ಗಲ್ಲಾದಲ್ಲಿ ಕೂತವರೂ ಅವರೇ. ಆದರೆ ಕೈ ಹೋಯಿತು.

ಹೆಸರಾದ ಹೋಟೆಲಿಗೆ ಹೋಗಲೇಬಾರದು ಅಂತಲ್ಲ. ಬಿ.ಎಚ್. ರಸ್ತೆಯ ಮೀನಾಕ್ಷಿ ಭವನದಂಥ ಹಳೆಯ ಜಾಗದಲ್ಲಿ ಒಮ್ಮೆ ತಿಂಡಿ ತಿಂದು ಶುರು ಮಾಡಿ. ಊರಿನ ನಾಲಿಗೆ ಯಾವುದಕ್ಕೆ ಒಗ್ಗಿದೆ ಅನ್ನುವ ಅಳತೆ ಸಿಗುತ್ತದೆ. ಅಲ್ಲಿಂದ ಸಣ್ಣ ಹೋಟೆಲ್‌ಗಳಿಗೆ ಇಳಿಯಿರಿ.

ಹೆಜ್ಜೆ 5: ಒಳಗೆ ಹೋಗುವ ಮೊದಲು ಐದು ನಿಮಿಷ ಸುಮ್ನೆ ನಿಂತು ನೋಡಿ

ನಾನು ಮೊದಲು ನೋಡುವುದು ಬಾಣಲೆ. ನನಗೆ ಗೊತ್ತಿರುವ ಒಬ್ಬ ಅಮ್ಮ ರಸ್ತೆಗೆ ಕಾಣುವ ಹಾಗೆಯೇ ಒಲೆ ಇಟ್ಟುಕೊಂಡಿದ್ದಾರೆ. ಹಿಟ್ಟಿನ ಪಾತ್ರೆಯ ಮೇಲಿನ ಒದ್ದೆ ಬಟ್ಟೆ ಸರಿಸಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಕಿತ್ತುಕೊಳ್ಳುತ್ತಾರೆ. ಒಣಹಿಟ್ಟಿನಲ್ಲಿ ಹೊರಳಿಸಿ ಪೂರಿಗಿಂತ ದಪ್ಪಗೆ ಲಟ್ಟಿಸುತ್ತಾರೆ. ಎಣ್ಣೆಗೆ ಒಂದು ಚೂರು ಹಿಟ್ಟು ಬಿಡುತ್ತಾರೆ. ಅದು ತಳ ಮುಟ್ಟಿ, ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಆಮೇಲೆ ಮೇಲೆ ಬಂದರೆ ಕಾವು ಸರಿ. ಬಿಟ್ಟ ಕೂಡಲೇ ಚಿಮ್ಮಿ ಕಪ್ಪಾದರೆ ಒಲೆ ತಗ್ಗಿಸುತ್ತಾರೆ. ಬನ್ಸ್ ಬಿಟ್ಟ ಮೇಲೆ ಜಾಲರಿಯ ಬೆನ್ನಿನಿಂದ ಮೆಲ್ಲಗೆ ಒತ್ತುತ್ತಾ ಮೇಲೆ ಬಿಸಿ ಎಣ್ಣೆ ಚಿಮುಕಿಸುತ್ತಾರೆ. ನಾಲ್ಕನೇ ಸಲಕ್ಕೆ ಅದು ಬಲೂನಿನಂತೆ ಉಬ್ಬುತ್ತದೆ. ಒಮ್ಮೆ ಮಗುಚಿ, ಜೇನುಬಣ್ಣಕ್ಕೆ ಬಂದಾಗ ಎತ್ತಿ, ಬಾಣಲೆಯ ಅಂಚಿಗೆ ಒರಗಿಸಿ ಎಣ್ಣೆ ಬಸಿಯುತ್ತಾರೆ. ಈ ಬಸಿಯುವ ಅರ್ಧ ನಿಮಿಷಕ್ಕೆ ತಾಳ್ಮೆ ಇಲ್ಲದವರ ಬನ್ಸ್ ತಿಂದರೆ ಕೈಯೆಲ್ಲ ಜಿಡ್ಡು.

ಬನ್ಸ್ ಮುರಿದಾಗ ಒಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ತೂತು ಕಾಣಬೇಕು, ಬಾಳೆಹಣ್ಣಿನ ವಾಸನೆ ಬರಬೇಕು. ಸೋಡಾ ಜಾಸ್ತಿಯಾದರೆ ಬಣ್ಣ ಬೇಗ ಕಪ್ಪಿಗೆ ತಿರುಗುತ್ತದೆ, ನಾಲಿಗೆಯ ಮೇಲೆ ಒಂಥರಾ ಸಾಬೂನಿನ ರುಚಿ ಉಳಿಯುತ್ತದೆ. ಸಕ್ಕರೆ ಜಾಸ್ತಿಯಾದರೂ ಬೇಗ ಕಪ್ಪಾಗುತ್ತದೆ, ಆದರೆ ಆ ಸಾಬೂನು ರುಚಿ ಇರುವುದಿಲ್ಲ.

ಎಣ್ಣೆಯನ್ನೂ ನೋಡಿ. ಕಪ್ಪಗೆ, ಮಂದವಾಗಿ, ತಿಂಡಿ ಬಿಟ್ಟಾಗ ಬಾಣಲೆ ತುಂಬ ನೊರೆ ಎದ್ದು ಇಳಿಯದೇ ನಿಂತರೆ ಅದು ನಿನ್ನೆಯದ್ದೋ ಮೊನ್ನೆಯದ್ದೋ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ. 25 ದಾಟಿದರೆ ಬಳಸಬಾರದು ಅಂತ 2018ರ ಜುಲೈನಿಂದ ಆಹಾರ ಸುರಕ್ಷತಾ ನಿಯಮವೇ ಇದೆ. ಗಿರಾಕಿಯ ಕೈಯಲ್ಲಿ ಅಳೆಯುವ ಯಂತ್ರ ಇರುವುದಿಲ್ಲ. ಮೂಗಿಗೆ ಕಮಟು ವಾಸನೆ ಬಂದರೆ ದೋಸೆ ಹೇಳಿ, ಇಲ್ಲ ಕಾಫಿ ಕುಡಿದು ಎದ್ದುಬನ್ನಿ. ಗೋಡೆಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ಅಂತಲೂ ಕಣ್ಣಾಡಿಸಿ.

ಇನ್ನು ಚಟ್ನಿ. ಹಸಿ ತೆಂಗಿನಕಾಯಿ ಚಟ್ನಿ ಬೇಗ ಹುಳಿಯಾಗುತ್ತದೆ. ಒಳ್ಳೆಯ ಹೋಟೆಲಿನವರು ಸ್ವಲ್ಪ ಸ್ವಲ್ಪವೇ ರುಬ್ಬುತ್ತಾರೆ, ಒಳಗಿನಿಂದ ಆಗಾಗ ಗ್ರೈಂಡರ್ ಸದ್ದು ಕೇಳುತ್ತದೆ. ಬೆಳಗ್ಗೆ ಒಮ್ಮೆ ರುಬ್ಬಿ ಬಕೆಟ್ ತುಂಬಿಸಿ, ಖಾಲಿಯಾದ ಹಾಗೆಲ್ಲ ನೀರು ಬೆರೆಸುವ ಕಡೆ ಎಂಟು ಗಂಟೆಯ ಚಟ್ನಿಗೂ ಹತ್ತು ಗಂಟೆಯ ಚಟ್ನಿಗೂ ನಂಟೇ ಇರುವುದಿಲ್ಲ.

ಕೊನೆಯದಾಗಿ ಗಿರಾಕಿಗಳು. ಎಷ್ಟು ಜನ ಇದ್ದಾರೆ ಅಂತಲ್ಲ, ಏನೂ ಹೇಳದೆ ಕೂತವರಿಗೆ ತಟ್ಟೆ ಬರುತ್ತಿದೆಯಾ ನೋಡಿ. ಬಂದರೆ ಅವರು ದಿನದ ಗಿರಾಕಿ. ಅವರ ತಟ್ಟೆಗೆ ಏನು ಬಂತೋ ಅದನ್ನೇ ಹೇಳಿ.

ಹೆಜ್ಜೆ 6: ಊರಿಂದ ಹೊರಡುವ ನಾಲ್ಕು ರಸ್ತೆ, ನಾಲ್ಕು ರುಚಿ

ಶಿವಮೊಗ್ಗ ಮಲೆನಾಡಿನ ಬಾಗಿಲು. ಆಚೆ ಕಾಡು, ಈಚೆ ಬಯಲು. ಹಾಗಾಗಿ ಯಾವ ರಸ್ತೆ ಹಿಡಿಯುತ್ತೀರೋ ಅದರ ಮೇಲೆ ಊಟ.

ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ಹೋದ ಹಾಗೆ ಕರಾವಳಿ ಹತ್ತಿರವಾಗುತ್ತದೆ. ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಆಗುಂಬೆಗೆ ಇನ್ನೊಂದು 30. ದಾರಿಯಲ್ಲಿ ಮೀನೂಟ, ನೀರುದೋಸೆ, ಕಡುಬು. ಬೆಳಗ್ಗೆ ಸಕ್ರೆಬೈಲಿನ ಆನೆ ನೋಡಲು ಹೊರಟವರು ಊರಲ್ಲೇ ತಿಂಡಿ ಮುಗಿಸಿಬಿಡುತ್ತಾರೆ. ತಡೆದುಕೊಳ್ಳಿ. ಆನೆಗಳ ಸ್ನಾನ ನೋಡಿ, ಮುಂದೆ ಹೋಗಿ ಬಿಸಿ ಕಡುಬು ತಿನ್ನಿ. ಕಡುಬಿಗೆ ಕಾಯಿ ಚಟ್ನಿ ಕೊಡುತ್ತಾರೆ, ಜೊತೆಗೆ ತುಪ್ಪ ಕೇಳಿ. ಕೇಳದಿದ್ದರೆ ಕೊಡದೇ ಇರಬಹುದು.

ಸಾಗರ ರಸ್ತೆ ಸಸ್ಯಾಹಾರಿಗಳಿಗೆ ಹಬ್ಬ. ಆಯನೂರು, ಕುಂಸಿ, ಆನಂದಪುರ ದಾಟಿ 70 ಕಿ.ಮೀ. ಆಸುಪಾಸಿನಲ್ಲಿ ಸಾಗರ. ಇದು ಅಪ್ಪೆಮಿಡಿಯ ಸೀಮೆ. ಹೊಳೆ ದಂಡೆಯ ಮಾವಿನ ಮರದ ಎಳೆ ಮಿಡಿಗೆ ಇರುವ ಪರಿಮಳ ಬೇರೆ ಯಾವ ಮಾವಿಗೂ ಇಲ್ಲ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಲ್ಲಿನ ಊಟದ ಹೋಟೆಲ್ ಅಳೆಯಲು ನನ್ನ ಅಡ್ಡದಾರಿ ಉಪ್ಪಿನಕಾಯಿ. ಎಲೆಯ ತುದಿಗೆ ಇಡೀ ಮಿಡಿ, ತೊಟ್ಟಿನ ಸಮೇತ ಬಿದ್ದರೆ ಒಳಗೆ ಮನೆಯವರು ಅಡುಗೆ ಮಾಡುತ್ತಿದ್ದಾರೆ ಅಂತ ಅರ್ಥ. ಪ್ಯಾಕೆಟ್ಟಿನ ಕೆಂಪು ಎಣ್ಣೆಯ ಹೋಳು ಬಿದ್ದರೆ ಆಸೆ ಸ್ವಲ್ಪ ಇಳಿಸಿಕೊಳ್ಳಿ. ತಂಬುಳಿ ಇದ್ದರೆ ಮೊದಲ ಅನ್ನಕ್ಕೇ ಹಾಕಿಸಿಕೊಳ್ಳಿ. ಕೊನೆಗೆ ಮಜ್ಜಿಗೆಯ ಹಾಗೆ ಕುಡಿಯುವವರನ್ನು ಕಂಡರೆ ಬಡಿಸುವವರು ಏನೂ ಅನ್ನುವುದಿಲ್ಲ, ಆದರೆ ಒಳಗೊಳಗೇ ನಗುತ್ತಾರೆ.

ತೊಡೆದೇವು ಸಿಕ್ಕರೆ ಕಟ್ಟಿಸಿಕೊಳ್ಳಿ. ಬೋರಲು ಹಾಕಿದ ಮಡಕೆಯ ಬಿಸಿ ಬೆನ್ನಿನ ಮೇಲೆ ಕಬ್ಬಿನ ಹಾಲು, ಅಕ್ಕಿ ಹಿಟ್ಟಿನ ತೆಳು ಹಿಟ್ಟು ಸವರಿ ಎಬ್ಬಿಸುವ ಹಾಳೆ ಅದು, ಕಾಗದಕ್ಕಿಂತ ತೆಳು. ಆಲೆಮನೆ ಶುರುವಾದ ಮೇಲೆ, ಚಳಿಗಾಲದ ಕೊನೆಗೆ ಹುಡುಕಿ.

ಸವಳಂಗ, ಶಿಕಾರಿಪುರ ರಸ್ತೆಗೆ ತಿರುಗಿದರೆ ಊಟದ ಭಾಷೆಯೇ ಬದಲಾಗುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರು. ಹೋಟೆಲ್ ಅನ್ನುವುದಿಲ್ಲ, ಖಾನಾವಳಿ. ಸಂಜೆ ಮಂಡಕ್ಕಿ, ಮಿರ್ಚಿ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ಕೂತುಬಿಡಿ, ಕೇಳಿಸದಿದ್ದರೆ ರೊಟ್ಟಿ ಹೊರಗಿನಿಂದ ಬಂದಿದೆ.

ಭದ್ರಾವತಿ ರಸ್ತೆಯನ್ನು ತಿಂಡಿಪೋತರು ಮರೆತುಬಿಡುತ್ತಾರೆ, ಅದು ತಪ್ಪು. 20 ಕಿ.ಮೀ. ಕೂಡ ಇಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ, ಆಮೇಲೆ ಕಾಗದ ಕಾರ್ಖಾನೆಯೂ ಬಂದ ಮೇಲೆ, ತಮಿಳುನಾಡು, ಆಂಧ್ರ, ಕೇರಳದಿಂದ ಜನ ಬಂದು ನೆಲೆಸಿದ ಊರು ಅದು. ಜನ ಬಂದ ಕಡೆ ಅವರ ಒಲೆಯೂ ಬರುತ್ತದಲ್ವಾ? ಮುದ್ದೆ ಊಟದ ಹೋಟೆಲಿನ ಪಕ್ಕದಲ್ಲೇ ಪರೋಟ, ಅದರ ಪಕ್ಕ ಬಿರಿಯಾನಿ. ಶಿಫ್ಟಿಗೆ ಹೋಗುವವರ ಊರಾದ್ದರಿಂದ ಬೇಗ ಏಳುವ ಅಭ್ಯಾಸ ಇನ್ನೂ ಇದೆ.

ಹೆಜ್ಜೆ 7: ತಿಂಗಳು ನೋಡಿ ಹೊರಡಿ

ನಾನೇ ಒಮ್ಮೆ ಜುಲೈಯಲ್ಲಿ, ಜಡಿಮಳೆಯಲ್ಲಿ, ಬರೀ ಮೀನೂಟಕ್ಕೆ ಅಂತ ತೀರ್ಥಹಳ್ಳಿ ಕಡೆ ಹೋದೆ. ಮ್ಯಾಪಿನಲ್ಲಿ ಒಳ್ಳೆ ಹೆಸರಿದ್ದ ಹೋಟೆಲ್. ಬಂಗುಡೆ ಫ್ರೈ ಬಂತು. ಮುರಿದರೆ ಹತ್ತಿಯ ಹಾಗೆ ಉದುರಿತು, ಮಸಾಲೆ ಬಿಟ್ಟರೆ ರುಚಿ ಅಂತ ಏನೂ ಇಲ್ಲ. ಹುಡುಗನನ್ನು ಕೇಳಿದೆ, ‘ತಮ್ಮಾ, ಫ್ರೆಶ್ಶಾ ಇದು?’ ಅವನು ಮಳೆ ನೋಡಿದ, ನನ್ನ ಮುಖ ನೋಡಿದ. ‘ಈಗ ಎಲ್ಲಿ ಸಾರ್ ಫ್ರೆಶ್ಶು?’

ಪಾಪ, ಸರಿಯಾಗಿಯೇ ಹೇಳಿದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಸಿಗುವುದರಲ್ಲಿ ಬಹಳಷ್ಟು ಐಸ್ ಮೀನು. ಹಾಗಾಗಿ ಮೀನೂಟಕ್ಕೆ ಆಗಸ್ಟ್ ಮಧ್ಯದ ಮೇಲೆ ಹೋಗಿ. ಮಳೆಗಾಲದಲ್ಲಿ ‘ಇವತ್ತು ಹೊಳೆ ಮೀನು ಇದೆಯಾ, ಏಡಿ ಇದೆಯಾ?’ ಅಂತ ಕೇಳಿ. ಗದ್ದೆ ಏಡಿ ಸಾರಿಗೆ ಅದೇ ಕಾಲ.

ಮಳೆಗಾಲಕ್ಕೆ ಅದರದೇ ಅಡುಗೆ ಇದೆ. ಕೆಸುವಿನ ಎಲೆಯ ಪತ್ರೊಡೆ, ಎಳೆ ಬಿದಿರಿನ ಕಳಲೆ, ಕಾಡಣಬೆ. ಕಳಲೆ ಪಲ್ಯ ಬೋರ್ಡಿನಲ್ಲಿ ಕಂಡರೆ ಗುರುತಿರುವ ಹೋಟೆಲಲ್ಲಿ ಮಾತ್ರ ತಿನ್ನಿ. ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು. ಹಸಿ ಕಳಲೆಯಲ್ಲಿ ನಂಜಿದೆ, ಅವಸರ ನಡೆಯುವುದಿಲ್ಲ. ಅಣಬೆಗೂ ಇದೇ ಮಾತು.

ಇನ್ನೊಂದು ವಿಷಯ. ಮಳೆಗಾಲದ ಥಂಡಿಗೆ ಇಡ್ಲಿ ಹಿಟ್ಟು ಸರಿಯಾಗಿ ಹುಳಿ ಬರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ ಬೀಳುವ ಆಗುಂಬೆಯಂಥ ಕಡೆ ಜುಲೈಯಲ್ಲಿ ಇಡ್ಲಿ ಕೇಳಿ ಬೇಜಾರಾಗಬೇಡಿ. ಹುಳಿ ಬೇಕಿಲ್ಲದ ನೀರುದೋಸೆ, ರೊಟ್ಟಿ, ಕಡುಬು ತಿನ್ನಿ. ಬೇಸಿಗೆಯಲ್ಲಿ ಹಲಸು: ಹಲಸಿನಕಾಯಿ ಹುಳಿ, ಹಪ್ಪಳ, ಹಣ್ಣಿನ ಕಡುಬು.

ಜಾತ್ರೆ ಇದ್ದರೆ ಬಿಡಬೇಡಿ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಪ್ರತಿ ವರ್ಷ. ಜಾತ್ರೆಯ ವಾರದಲ್ಲಿ ಮಾಮೂಲಿ ಹೋಟೆಲ್‌ಗಳ ಕೈ ಕೆಡುತ್ತದೆ, ಜನ ಜಾಸ್ತಿ. ಆದರೆ ಡೇರೆಯ ಮಿರ್ಚಿ ಯಾವತ್ತೂ ಬಿಸಿ.

ಹೆಜ್ಜೆ 8: ಮನೆಯೂಟಕ್ಕೆ ಹಿಂದಿನ ದಿನವೇ ಹೇಳಿ

ಹೊಸನಗರ, ಆಗುಂಬೆ, ತೀರ್ಥಹಳ್ಳಿ ಕಡೆ ಬೋರ್ಡಿಲ್ಲದ ಮನೆಗಳಲ್ಲಿ ಊಟ ಹಾಕುತ್ತಾರೆ, ಹೋಮ್‌ಸ್ಟೇಗಳಲ್ಲೂ ಬರೀ ಊಟಕ್ಕೆ ಒಪ್ಪುವವರಿದ್ದಾರೆ. ಆಗುಂಬೆಯ ದೊಡ್ಡಮನೆಯಂತೂ ದಾರಿಹೋಕರನ್ನು ಉಪಚರಿಸುವುದಕ್ಕೇ ಹೆಸರಾದ ಮನೆ. ಆದರೆ ಇಲ್ಲೆಲ್ಲ ಹಠಾತ್ತನೆ ಹೋಗಿ ‘ಏನಿದೆ?’ ಅನ್ನುವುದು ಸರಿಯಲ್ಲ. ಅದು ಹೋಟೆಲ್ಲಲ್ಲ, ಮನೆ.

ಹಿಂದಿನ ದಿನ ಸಂಜೆ ಫೋನ್ ಮಾಡಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಸಸ್ಯಾಹಾರವೋ ಮಾಂಸಾಹಾರವೋ, ಚಿಕ್ಕ ಮಕ್ಕಳಿದ್ದಾರಾ, ಇಷ್ಟು ಹೇಳಿ. ನಾಟಿ ಕೋಳಿ ಬೇಕಿದ್ದರೆ ಖಂಡಿತ ಹಿಂದಿನ ದಿನವೇ ಹೇಳಬೇಕು, ಕೋಳಿ ಹಿಡಿಯಬೇಕಲ್ಲ. ‘ಏನು ಮಾಡ್ಲಿ?’ ಅಂತ ಅವರು ಕೇಳಿದರೆ ಪಟ್ಟಿ ಕೊಡಬೇಡಿ. ‘ನೀವು ಮನೇಲಿ ಏನು ಮಾಡ್ಕೊಳ್ತೀರೋ ಅದೇ ಸಾಕು ಅಮ್ಮ’ ಅನ್ನಿ. ಪಟ್ಟಿ ಕೊಟ್ಟವರಿಗೆ ಪಲಾವ್, ಗೋಬಿ ಸಿಗುತ್ತದೆ. ಈ ಮಾತು ಹೇಳಿದವರಿಗೆ ಬಸಳೆ ಹುಳಿ, ಮಾವಿನಕಾಯಿ ಗೊಜ್ಜು, ಕೆಂಡದ ರೊಟ್ಟಿ.

ದುಡ್ಡು ಎಷ್ಟು ಅಂತ ಫೋನಿನಲ್ಲೇ ಕೇಳಿಬಿಡಿ. ಎಲೆ ಎತ್ತುವಾಗ ಕೇಳಿದರೆ ‘ಅಯ್ಯೋ ಎಷ್ಟಾದ್ರೂ ಕೊಡಿ’ ಅನ್ನುತ್ತಾರೆ, ಇಬ್ಬರಿಗೂ ಇರುಸುಮುರುಸು. ಕೈಯಲ್ಲಿ ನಗದು ಇರಲಿ. ಘಾಟಿಯ ಕಡೆ ನೆಟ್‌ವರ್ಕ್ ನಂಬಿ ಫೋನ್‌ಪೇ ಅಂತ ಹೋದರೆ, ಅಂಗಳದಲ್ಲಿ ಮೊಬೈಲ್ ಎತ್ತಿಹಿಡಿದು ಸುತ್ತಬೇಕಾಗುತ್ತದೆ. ಮ್ಯಾಪನ್ನೂ ಶಿವಮೊಗ್ಗದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ತಡವಾಗುವುದಾದರೆ ಸಿಗ್ನಲ್ ಸಿಗುವ ಜಾಗದಿಂದಲೇ ಒಂದು ಫೋನ್ ಮಾಡಿ. ನೀವು ಬರುವವರೆಗೆ ಆ ಮನೆಯವರು ಉಣ್ಣದೆ ಕಾಯುತ್ತಿರುತ್ತಾರೆ.

ಏನೂ ಗೊತ್ತಾಗದೇ ಸಿಕ್ಕಿಹಾಕಿಕೊಂಡರೆ ದೇವಸ್ಥಾನಗಳಿವೆ. ಶೃಂಗೇರಿ, ಹೊರನಾಡು ಕಡೆ ಹೋದವರು ಮಧ್ಯಾಹ್ನ ಹಸಿದು ಬರುವುದೇ ಇಲ್ಲ.

ಹೆಜ್ಜೆ 9: ಬರೆದಿಡಿ, ಕಟ್ಟಿಸಿಕೊಳ್ಳಿ

ನನ್ನ ಡೈರಿಯ ಒಂದು ಸಾಲು ಹೀಗಿರುತ್ತದೆ: ‘6.45, ಬುಧವಾರ, ಬನ್ಸ್ 2, ಅಮ್ಮನ ಕೈ, ಚಟ್ನಿ ಗಟ್ಟಿ, ಕಾಫಿ ಬೇಡ.’ ಹೋಟೆಲ್ ಹೆಸರು ಕೊನೆಗೆ. ‘ಅಮ್ಮನ ಕೈ’ ಅಂತ ಬರೆದದ್ದು ಯಾಕೆಂದರೆ, ಅದೇ ಅಂಗಡಿಯಲ್ಲಿ ಶುಕ್ರವಾರ ಅವರು ದೇವಸ್ಥಾನಕ್ಕೆ ಹೋಗುತ್ತಾರೆ, ಮಗ ಬಾಣಲೆ ಹಿಡಿಯುತ್ತಾನೆ. ಅವನಿನ್ನೂ ಕಲಿಯುತ್ತಿದ್ದಾನೆ.

ಮನೆಗೆ ಕಟ್ಟಿಸಿಕೊಳ್ಳುವುದಾದರೆ ಸ್ಟೀಲ್ ಡಬ್ಬಿ ಒಯ್ಯಿರಿ. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳಬೇಡಿ. ಬನ್ಸ್, ವಡೆಯನ್ನು ಬಿಸಿ ಇರುವಾಗಲೇ ಮುಚ್ಚಳ ಬಿಗಿದರೆ ಹಬೆಗೆ ಬೆವರಿ ಮೆತ್ತಗಾಗುತ್ತವೆ. ಡಬ್ಬಿಯ ತಳಕ್ಕೆ ಬಾಡಿಸಿದ ಬಾಳೆಲೆ ಹಾಸಿ, ಒಂದರ ಮೇಲೊಂದು ಪೇರಿಸದೆ ಒರಗಿಸಿ ನಿಲ್ಲಿಸಿ, ಮುಚ್ಚಳ ಅರ್ಧ ತೆರೆದು ಹತ್ತು ನಿಮಿಷ ಬಿಡಿ. ಚಟ್ನಿಗೆ ಬೇರೆ ಡಬ್ಬಿ. ಮನೆಗೆ ಬಂದು ಕಾದ ಕಾವಲಿಯ ಮೇಲೆ, ಎಣ್ಣೆ ಹಾಕದೆ, ಒಂದೊಂದು ಬದಿ ಅರ್ಧ ನಿಮಿಷ ಇಟ್ಟರೆ ಸಾಕು. ಮೈಕ್ರೋವೇವ್‌ನಲ್ಲಿ ಇಟ್ಟರೆ ನನ್ನ ಗೆಳೆಯ ಎಳೆದನಲ್ಲ, ಅದೇ ರಬ್ಬರ್.